ಟೆಸ್ಟೊಸ್ಟೆರೋನ್ ಎಂಬ ರಸದೂತ

ಒಂದೇ ಹಸುವಿಗೆ ಹುಟ್ಟಿದ ಎರಡು ಹೋರಿಗರುಗಳಲ್ಲಿ ಒಂದಕ್ಕೆ ಎಳೆಯ ವಯಸ್ಸಿನಲ್ಲಿಯೇ ಬೀಜ ಒಡೆಸಿ, ಇನ್ನೊಂದನ್ನು ಹಾಗೆಯೇ ಬೆಳೆಯಲು ಬಿಟ್ಟರೆ, ಕೆಲವು ವರ್ಷಗಳಲ್ಲಿ ಮೊದಲನೆಯದು ಎತ್ತಾಗಿಯೂ ಎರಡನೆಯದು ಗೂಳಿಯಾಗಿಯೂ ನಮ್ಮೆದುರು ನಿಲ್ಲುತ್ತವೆ. ಗೂಳಿಯ ಕೊರಳು ದಪ್ಪನಾಗಿಯೂ ಹಿಣಿಲು ಎತ್ತರವಾಗಿಯೂ ಬೆಳೆದಿರುತ್ತವೆ. ಅದರ ಸ್ವಭಾವ ಉಗ್ರವಾದುದು. ಎತ್ತಾದರೋ ಸೌಮ್ಯವಾಗಿ ನೊಗಕ್ಕೆ ಹೆಗಲು ಕೊಡುತ್ತದೆ. ಮೇವು ಒಂದೇ, ಕೊಟ್ಟಿಗೆ ಒಂದೇ, ತಾಯಿಯೂ ಒಂದೇ. ಇಷ್ಟು ದೊಡ್ಡ ಅಂತರಕ್ಕೆ ಕಾರಣವಾದುವು ಹಿಂಗಾಲುಗಳ ನಡುವಣ ಎರಡು ಚಿಕ್ಕ ಅಂಗಗಳು. ರೈತನಿಗೆ ಈ ಸಂಗತಿ ತಲೆತಲಾಂತರದಿಂದ ತಿಳಿದೇ ಇದೆ. ಆದರೆ ಅಷ್ಟು ದೂರದಲ್ಲಿರುವ ವೃಷಣಗಳು ಕೊರಳನ್ನೂ ಹಿಣಿಲನ್ನೂ ಸ್ವಭಾವವನ್ನೂ ಆಳುವುದು ಹೇಗೆ? ಅವುಗಳ ಆಜ್ಞೆ ಯಾವ ದಾರಿಯಲ್ಲಿ ಸಾಗುತ್ತದೆ?

ಈ ಪ್ರಶ್ನೆಯ ಉತ್ತರವೇ ಟೆಸ್ಟೊಸ್ಟೆರೋನ್ ಎಂಬ ವಸ್ತು. ಇಂದು ಅದು ಔಷಧವೂ ಆಗಿದೆ. ಅದರ ಕೊರತೆಯಿಂದ ನರಳುವವರಿಗೆ ಅದು ನಿಜವಾದ ವರ; ಕೊರತೆಯಿಲ್ಲದೆ ಬರಿಯ ಮೈಕಟ್ಟಿಗಾಗಿ ಅದನ್ನು ಚುಚ್ಚಿಸಿಕೊಳ್ಳುವ ತರುಣರಿಗೆ ಅದು ತರುವ ಫಲವೇ ಬೇರೆ. ಒಂದೇ ಔಷಧ ಇಬ್ಬರಲ್ಲಿ ಹೀಗೆ ಬೇರೆಬೇರೆಯಾಗಿ ವರ್ತಿಸುವುದೇಕೆಂಬುದನ್ನು ತಿಳಿಯಬೇಕಾದರೆ, ದೇಹದಲ್ಲಿ ಅದು ಹೇಗೆ ಹುಟ್ಟುತ್ತದೆ, ಅದರ ಮೇಲೆ ಯಾರ ಹತೋಟಿ ಇದೆ ಎಂಬುದನ್ನು ಮೊದಲು ನೋಡಬೇಕು.

ಆರು ಹುಂಜಗಳು

ಜರ್ಮನಿಯ ಗೋಟಿಂಗೆನ್ ವಿಶ್ವವಿದ್ಯಾನಿಲಯದ ಆರ್ನಲ್ಡ್ ಬರ್ಟೋಲ್ಡ್ ಎಂಬಾತನು 1848ರಲ್ಲಿ ಆರು ಎಳೆಯ ಹುಂಜಗಳನ್ನು ಆರಿಸಿಕೊಂಡು ಒಂದು ಪ್ರಯೋಗವನ್ನು ನಡೆಸಿದನು. ಎರಡು ಹುಂಜಗಳ ವೃಷಣಗಳನ್ನು ಸಂಪೂರ್ಣವಾಗಿ ತೆಗೆದುಹಾಕಿದನು. ಇನ್ನೆರಡರಲ್ಲಿ ಒಂದು ವೃಷಣವನ್ನು ತೆಗೆದು, ಉಳಿದುದನ್ನು ಅದರ ನೆಲೆಯಿಂದ ಬಿಡಿಸಿ ಹೊಟ್ಟೆಯೊಳಗೇ ಬಿಟ್ಟನು. ಕೊನೆಯ ಎರಡರಲ್ಲಿ ತಮ್ಮ ವೃಷಣಗಳನ್ನು ತೆಗೆದು, ಒಂದರದನ್ನು ಇನ್ನೊಂದರ ಹೊಟ್ಟೆಯೊಳಗೆ ಇರಿಸಿದನು.

ಮೊದಲಿನ ಎರಡು ಹುಂಜಗಳ ಜುಟ್ಟು ಬೆಳೆಯಲಿಲ್ಲ. ಅವು ಕೂಗಲಿಲ್ಲ, ಕಾದಾಡಲಿಲ್ಲ, ಹೇಂಟೆಗಳನ್ನು ಕಣ್ಣೆತ್ತಿ ನೋಡಲಿಲ್ಲ. ಉಳಿದ ನಾಲ್ಕೂ ಎಂದಿನ ಹುಂಜಗಳಂತೆಯೇ ಕೆಂಪು ಜುಟ್ಟು ಬಿಟ್ಟು ಕೂಗುತ್ತ ಬೆಳೆದುವು. ಬರ್ಟೋಲ್ಡನು ಬಳಿಕ ಅವುಗಳನ್ನು ಕೊಯ್ದು ನೋಡಿದಾಗ, ಸ್ಥಳಾಂತರಗೊಂಡ ವೃಷಣಕ್ಕೆ ಹೊಸ ರಕ್ತನಾಳಗಳು ಬಂದು ಕೂಡಿಕೊಂಡಿದ್ದುವು. ಆದರೆ ಹಳೆಯ ನರಗಳ ಸಂಬಂಧ ಕಡಿದುಹೋಗಿತ್ತು. ನರಗಳಿಲ್ಲದೆಯೂ ಆಜ್ಞೆ ತಲುಪಿತೆಂದ ಮೇಲೆ, ಆ ಆಜ್ಞೆಯು ರಕ್ತದ ಮೂಲಕವೇ ಸಾಗಿರಬೇಕೆಂದು ಆತನು ತರ್ಕಿಸಿದನು. 1849ರಲ್ಲಿ ಪ್ರಕಟವಾದ ನಾಲ್ಕೇ ಪುಟಗಳ ಆ ಲೇಖನವನ್ನು ಅಂದಿನ ಪಂಡಿತರು ಅಷ್ಟಾಗಿ ಲೆಕ್ಕಿಸಲಿಲ್ಲ. ಆದರೂ ನಿರ್ನಾಳ ಗ್ರಂಥಿಗಳ ವಿಜ್ಞಾನಕ್ಕೆ ಅಡಿಗಲ್ಲು ಬಿದ್ದುದು ಅಲ್ಲಿಯೇ. ಒಂದು ಗ್ರಂಥಿಯಲ್ಲಿ ಹುಟ್ಟಿ, ರಕ್ತದೊಡನೆ ಹರಿದು, ದೂರದ ಅಂಗಗಳಿಗೆ ಆಜ್ಞೆಯನ್ನು ಮುಟ್ಟಿಸುವ ಇಂಥ ವಸ್ತುವಿಗೆ ಇಂಗ್ಲೆಂಡಿನ ಸ್ಟಾರ್ಲಿಂಗನು 1905ರಲ್ಲಿ ‘ಹಾರ್ಮೋನು’ ಎಂಬ ಹೆಸರನ್ನು ಬಳಕೆಗೆ ತಂದನು. ಪ್ರಚೋದಿಸುವುದು ಎಂಬ ಅರ್ಥದ ಗ್ರೀಕ್ ಪದದಿಂದ ಹುಟ್ಟಿದ ಮಾತು ಅದು. ದೂತನ ಕೆಲಸವನ್ನು ಮಾಡುವುದರಿಂದ ಕನ್ನಡದಲ್ಲಿ ಅದನ್ನು ರಸದೂತವೆಂದೂ ಕರೆಯುವುದುಂಟು.

ಯೌವನದ ಮರೀಚಿಕೆ

ವೃಷಣದಲ್ಲಿ ಒಂದು ಶಕ್ತಿ ಇದೆಯೆಂದು ತಿಳಿದೊಡನೆ, ಅದನ್ನು ಹಿಂಡಿ ಕುಡಿದರೆ ಯೌವನ ಮರಳೀತೆಂಬ ಆಸೆಯೂ ಹುಟ್ಟಿತು. ಫ್ರಾನ್ಸಿನ ಪ್ರಖ್ಯಾತ ಶರೀರವಿಜ್ಞಾನಿಯಾದ ಬ್ರೌನ್-ಸೆಕಾರನು 1889ರಲ್ಲಿ, ತನ್ನ 72ನೆಯ ವಯಸ್ಸಿನಲ್ಲಿ, ನಾಯಿ ಮತ್ತು ಗಿನಿಯಿಲಿಗಳ ವೃಷಣಗಳನ್ನು ನೀರಿನಲ್ಲಿ ಅರೆದು ಸೋಸಿದ ರಸವನ್ನು ತನಗೆ ತಾನೇ ಚುಚ್ಚಿಕೊಂಡನು. ತನ್ನ ತೋಳಿಗೆ ಬಲ ಬಂದಿತು, ದುಡಿಯುವ ಶಕ್ತಿ ಹೆಚ್ಚಿತು ಎಂದು ಪ್ಯಾರಿಸಿನ ವಿದ್ವತ್ಸಭೆಯ ಮುಂದೆ ಸಾರಿದನು. ಸುದ್ದಿ ಹಬ್ಬಿತು, ಅನೇಕ ದೇಶಗಳ ವೈದ್ಯರು ಅದೇ ರಸವನ್ನು ತಯಾರಿಸಿ ಚುಚ್ಚತೊಡಗಿದರು.

ವಾಸ್ತವವಾಗಿ ಆ ರಸದಲ್ಲಿ ಹುರುಳಿರಲಿಲ್ಲ. ಟೆಸ್ಟೊಸ್ಟೆರೋನ್ ಕೊಬ್ಬಿನ ಜಾತಿಗೆ ಸೇರಿದ ವಸ್ತು. ಅದು ಎಣ್ಣೆಯಲ್ಲಿ ಕರಗುತ್ತದೆಯೇ ಹೊರತು ನೀರಿನಲ್ಲಿ ಕರಗುವುದು ಅತ್ಯಲ್ಪ. ಅದಲ್ಲದೆ ವೃಷಣವು ತಾನು ತಯಾರಿಸಿದ ಹಾರ್ಮೋನನ್ನು ಕೂಡಿಡುವುದಿಲ್ಲ, ಆಗಿಂದಾಗಲೇ ರಕ್ತಕ್ಕೆ ಬಿಡುತ್ತದೆ. ಆಸ್ಟ್ರೇಲಿಯದ ವೈದ್ಯರು ಹಳೆಯ ವಿಧಾನವನ್ನೇ ಅನುಸರಿಸಿ ಆ ರಸವನ್ನು ಮತ್ತೆ ತಯಾರಿಸಿ ಅಳೆದು, 2002ರಲ್ಲಿ ವರದಿಮಾಡಿದರು: ಅದರಲ್ಲಿದ್ದ ಹಾರ್ಮೋನು ದೇಹದ ಮೇಲೆ ಯಾವ ಪರಿಣಾಮವನ್ನೂ ಮಾಡಲಾರದಷ್ಟು ಅಲ್ಪವಾಗಿತ್ತು. ವೃದ್ಧ ವಿಜ್ಞಾನಿಗೆ ಬಲವನ್ನು ಕೊಟ್ಟುದು ರಸವಲ್ಲ, ಅದರ ಮೇಲಿನ ನಂಬಿಕೆ. ಮುಂದೆ 1920ರ ದಶಕದಲ್ಲಿ ವೊರೊನಾಫ್ ಎಂಬ ಶಸ್ತ್ರವೈದ್ಯನು ವಾನರಗಳ ವೃಷಣದ ಹೋಳುಗಳನ್ನು ಸಿರಿವಂತರ ದೇಹದಲ್ಲಿ ಕಸಿಮಾಡಿ ಹೆಸರುವಾಸಿಯಾದನು. ಪರಜಾತಿಯ ಅಂಗಾಂಶವನ್ನು ಮನುಷ್ಯದೇಹವು ಉಳಿಯಗೊಡುವುದಿಲ್ಲವಾದುದರಿಂದ ಆ ಕಸಿಯೂ ವ್ಯರ್ಥವಾಯಿತು. ನಿಜವಾದ ಕಾರ್ಯ ನಡೆಯಬೇಕಾಗಿದ್ದುದು ರಸಾಯನಶಾಲೆಯಲ್ಲಿ.

ಹದಿನೈದು ಸಾವಿರ ಲೀಟರಿನಿಂದ ಹದಿನೈದು ಮಿಲಿಗ್ರಾಂ

ಅಮೆರಿಕದ ಶಿಕಾಗೋ ನಗರದಲ್ಲಿ ದೊಡ್ಡ ದೊಡ್ಡ ಕಸಾಯಿಖಾನೆಗಳಿದ್ದುವು. ಅಲ್ಲಿನ ವಿಶ್ವವಿದ್ಯಾನಿಲಯದ ಕಾಕ್ ಮತ್ತು ಅವನ ಶಿಷ್ಯ ಮೆಗೀ 1927ರಲ್ಲಿ ಸುಮಾರು 18 ಕಿಲೋಗ್ರಾಂ ಎತ್ತರಿಸಿದ ಗೂಳಿವೃಷಣಗಳಿಂದ, ನೀರಿಗೆ ಬದಲಾಗಿ ಕೊಬ್ಬನ್ನು ಕರಗಿಸುವ ದ್ರವಗಳನ್ನು ಬಳಸಿ, 20 ಮಿಲಿಗ್ರಾಂ ಸತ್ತ್ವವನ್ನು ಪಡೆದರು. ಅದನ್ನು ಬೀಜ ತೆಗೆದ ಹುಂಜಕ್ಕೆ ಚುಚ್ಚಿದಾಗ ಮುದುಡಿದ್ದ ಜುಟ್ಟು ಮತ್ತೆ ಬೆಳೆಯಿತು. ಬರ್ಟೋಲ್ಡನ ಹುಂಜದ ಜುಟ್ಟೇ ಈಗ ಹಾರ್ಮೋನನ್ನು ಅಳೆಯುವ ಮಾನದಂಡವಾಯಿತು.

1931ರಲ್ಲಿ, ಅದೇ ಗೋಟಿಂಗೆನ್ನಿನಲ್ಲಿದ್ದ ಬುಟೆನಾಂಟ್ ಎಂಬ ರಸಾಯನವಿಜ್ಞಾನಿಯು ಬರ್ಲಿನ್ನಿನ ಪೋಲೀಸರಿಂದ ಸಂಗ್ರಹಿಸಿದ 15,000 ಲೀಟರು ಮೂತ್ರವನ್ನು ಶೋಧಿಸಿ, 15 ಮಿಲಿಗ್ರಾಂ ಆಂಡ್ರೊಸ್ಟೆರೋನ್ ಎಂಬ ಹರಳನ್ನು ಬೇರ್ಪಡಿಸಿದನು. ಇದು ಮೂಲ ಹಾರ್ಮೋನು ದೇಹದಲ್ಲಿ ಮಾರ್ಪಟ್ಟು ಹೊರಬಿದ್ದ ರೂಪ. ಮೂಲ ವಸ್ತುವನ್ನೇ ಕೈಗೆ ತಂದುಕೊಂಡವರು ಆಮ್‌ಸ್ಟರ್ಡಾಮಿನ ಲಾಕೂರ್ ಮತ್ತು ಸಂಗಡಿಗರು. 1935ರಲ್ಲಿ ಅವರು 100 ಕಿಲೋಗ್ರಾಂ ಗೂಳಿವೃಷಣಗಳಿಂದ 10 ಮಿಲಿಗ್ರಾಂ ಶುದ್ಧ ಹರಳನ್ನು ತೆಗೆದು, ಅದಕ್ಕೆ ಟೆಸ್ಟೊಸ್ಟೆರೋನ್ ಎಂದು ಹೆಸರಿಟ್ಟರು. ಅದೇ ವರ್ಷ ಬುಟೆನಾಂಟನೂ ಸ್ವಿಟ್ಸರ್ಲೆಂಡಿನ ರುಜಿಚ್ಕನೂ ಪ್ರತ್ಯೇಕವಾಗಿ, ಕೆಲವೇ ದಿನಗಳ ಅಂತರದಲ್ಲಿ, ಕೊಲೆಸ್ಟೆರಾಲಿನಿಂದ ಅದನ್ನು ಕೃತಕವಾಗಿ ತಯಾರಿಸುವ ಮಾರ್ಗವನ್ನು ಪ್ರಕಟಿಸಿದರು. 1939ರ ನೊಬೆಲ್ ಪಾರಿತೋಷಕ ಇಬ್ಬರಿಗೂ ಹಂಚಿಕೆಯಾಯಿತು. ಅಂದಿನ ಜರ್ಮನ್ ಸರ್ಕಾರದ ಒತ್ತಾಯದಿಂದ ಬುಟೆನಾಂಟನು ಅದನ್ನು ನಿರಾಕರಿಸಬೇಕಾಯಿತು. ಪದಕ ಮತ್ತು ಪ್ರಶಸ್ತಿಪತ್ರಗಳು ಅವನ ಕೈಸೇರಿದುದು 1949ರಲ್ಲಿ.

ದೇಹದಲ್ಲಿ ಅದರ ಕಾರ್ಯ

ಟೆಸ್ಟೊಸ್ಟೆರೋನಿನ ಒಂದು ಅಣುವಿನಲ್ಲಿ 19 ಇಂಗಾಲದ, 28 ಜಲಜನಕದ ಮತ್ತು 2 ಆಮ್ಲಜನಕದ ಪರಮಾಣುಗಳಿವೆ. ವೃಷಣದಲ್ಲಿ ವೀರ್ಯಾಣುಗಳು ಹುಟ್ಟುವ ಸೂಕ್ಷ್ಮನಾಳಗಳ ನಡುವೆ ಲೈಡಿಗ್ ಕೋಶಗಳೆಂಬ ಜೀವಕೋಶಗಳ ಗುಂಪುಗಳಿವೆ. ಕೊಲೆಸ್ಟೆರಾಲನ್ನು ಮೆಟ್ಟಿಲು ಮೆಟ್ಟಿಲಾಗಿ ಮಾರ್ಪಡಿಸಿ ಈ ಹಾರ್ಮೋನನ್ನು ತಯಾರಿಸುವುವು ಅವೇ. ವಯಸ್ಕ ಪುರುಷನಲ್ಲಿ ದಿನವೊಂದಕ್ಕೆ ತಯಾರಾಗುವುದು ಕೆಲವೇ ಮಿಲಿಗ್ರಾಂ. ಯಾವುದೇ ಕ್ಷಣದಲ್ಲಿ ಆತನ ರಕ್ತದಲ್ಲೆಲ್ಲ ಹರಡಿರುವ ಟೆಸ್ಟೊಸ್ಟೆರೋನನ್ನು ಒಟ್ಟುಗೂಡಿಸಿದರೂ ಅದು ಒಂದು ಮಿಲಿಗ್ರಾಮಿನ ಒಂದೆರಡು ನೂರನೆಯ ಭಾಗದಷ್ಟಾದೀತು. ಸ್ತ್ರೀಯರ ದೇಹದಲ್ಲಿಯೂ ಅಂಡಾಶಯಗಳಿಂದಲೂ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಗಳ ಮೂಲಕವೂ ಇದು ಹುಟ್ಟುತ್ತದೆ. ಪ್ರಮಾಣ ಮಾತ್ರ ಬಹಳ ಕಡಮೆ. ಆದುದರಿಂದ ಇದು ಕೇವಲ ಗಂಡಸರ ಸೊತ್ತೆಂದು ಭಾವಿಸುವುದು ಸರಿಯಲ್ಲ.

ಇಷ್ಟು ಅಲ್ಪ ಪ್ರಮಾಣದ ವಸ್ತು ಇಷ್ಟೆಲ್ಲ ಕಾರ್ಯಗಳನ್ನು ಮಾಡುವ ಬಗೆ ಹೀಗಿದೆ: ಅದು ಜೀವಕೋಶದೊಳಕ್ಕೆ ನುಸುಳಿ, ತನಗಾಗಿಯೇ ಇರುವ ಒಂದು ಗ್ರಾಹಕ ಪ್ರೋಟೀನನ್ನು ಕೂಡಿಕೊಳ್ಳುತ್ತದೆ. ಬೀಗದೊಳಗೆ ಕೀಲಿಕೈ ಕೂಡುವಂತೆ ಇವೆರಡೂ ಕೂಡಿದ ಮೇಲೆ ಕೋಶದ ನ್ಯೂಕ್ಲಿಯಸನ್ನು ಹೊಕ್ಕು, ಅಲ್ಲಿನ ಜೀನುಗಳಲ್ಲಿ ಕೆಲವನ್ನು ಎಚ್ಚರಿಸುತ್ತವೆ, ಕೆಲವನ್ನು ಮಲಗಿಸುತ್ತವೆ. ಗ್ರಾಹಕವಿಲ್ಲದ ಕೋಶಕ್ಕೆ ಈ ಆಜ್ಞೆ ಕೇಳಿಸುವುದೇ ಇಲ್ಲ. ಅಲ್ಲದೆ ಟೆಸ್ಟೊಸ್ಟೆರೋನ್ ಕೆಲವು ಅಂಗಗಳಲ್ಲಿ ತಾನೇ ಮಾರ್ಪಾಟುಹೊಂದಿ ಕೆಲಸಮಾಡುತ್ತದೆ. ಚರ್ಮದಲ್ಲಿಯೂ ಪ್ರಾಸ್ಟೇಟ್ ಗ್ರಂಥಿಯಲ್ಲಿಯೂ ಅದು ಡೈಹೈಡ್ರೊಟೆಸ್ಟೊಸ್ಟೆರೋನ್ ಎಂಬ ಇನ್ನೂ ಪ್ರಬಲವಾದ ರೂಪವನ್ನು ತಾಳುತ್ತದೆ. ಗಡ್ಡಮೀಸೆಗಳಿಗೆ ಕಾರಣ ಇದು. ಕೊಬ್ಬಿನ ಅಂಗಾಂಶವೇ ಮೊದಲಾದೆಡೆ ಅದರ ಸ್ವಲ್ಪಾಂಶ ಈಸ್ಟ್ರೊಜೆನ್ ಎಂಬ, ಸ್ತ್ರೀಹಾರ್ಮೋನೆಂದು ಹೆಸರಾದ ವಸ್ತುವಾಗಿ ಬದಲಾಗುತ್ತದೆ. ಪುರುಷನ ಎಲುಬುಗಳು ಗಟ್ಟಿಯಾಗಿರಲು ಈ ಈಸ್ಟ್ರೊಜೆನ್ ಅವಶ್ಯಕವೆಂಬುದು ಕುತೂಹಲಕರವಾದ ಸಂಗತಿ.

ಈ ಹಾರ್ಮೋನಿನ ಕೆಲಸ ಹುಟ್ಟುವುದಕ್ಕೆ ಮೊದಲೇ ಆರಂಭವಾಗುತ್ತದೆ. ಗಂಡುಭ್ರೂಣದ ವೃಷಣಗಳು ಗರ್ಭಧಾರಣೆಯ ಎರಡನೆಯ ತಿಂಗಳ ಕೊನೆಯ ಹೊತ್ತಿಗೆ ಅದನ್ನು ಸ್ರವಿಸತೊಡಗಿ, ಪುರುಷ ಜನನಾಂಗಗಳನ್ನು ರೂಪಿಸುತ್ತವೆ. ಬಾಲ್ಯದಲ್ಲಿ ಅದು ಬಹುಮಟ್ಟಿಗೆ ಅಡಗಿರುತ್ತದೆ. ಸಾಮಾನ್ಯವಾಗಿ 9ರಿಂದ 14ರೊಳಗಣ ವಯಸ್ಸಿನಲ್ಲಿ ಮತ್ತೆ ಎಚ್ಚತ್ತು ಧ್ವನಿಪೆಟ್ಟಿಗೆಯನ್ನು ಹಿಗ್ಗಿಸಿ ದನಿಯನ್ನು ಒಡೆಯಿಸುತ್ತದೆ, ಮಾಂಸಖಂಡಗಳನ್ನು ಬಲಿಯಿಸುತ್ತದೆ, ರಕ್ತದ ಕೆಂಪುಕಣಗಳನ್ನು ಹೆಚ್ಚಿಸುತ್ತದೆ, ಕಾಮವಾಂಛೆಯನ್ನು ಚಿಗುರಿಸುತ್ತದೆ. ವೀರ್ಯಾಣುಗಳ ಉತ್ಪತ್ತಿಗೂ ಅದು ಬೇಕೇ ಬೇಕು. ಒಬ್ಬ ಹುಡುಗನಲ್ಲಿ ಈ ಬದಲಾವಣೆಗಳು ಗೆಳೆಯರಿಗಿಂತ ಒಂದೆರಡು ವರ್ಷ ತಡವಾಗಿ ಬಂದರೆ ಅದು ಬಹುತೇಕ ಸಹಜವೇ. 14 ತುಂಬಿದರೂ ಯಾವ ಚಿಹ್ನೆಯೂ ತೋರದಿದ್ದಲ್ಲಿ ನಾಚದೆ ವೈದ್ಯರಿಗೆ ತೋರಿಸಬೇಕು.

ತೊಟ್ಟಿಯೊಳಗಿನ ತೇಲುವ ಚೆಂಡು

ಈ ಹಾರ್ಮೋನಿನ ಪ್ರಮಾಣವನ್ನು ನಿಶ್ಚಯಿಸುವುದು ವೃಷಣವಲ್ಲ, ಮಿದುಳು. ಮಿದುಳಿನ ಬುಡದಲ್ಲಿರುವ ಹೈಪೊಥಾಲಮಸ್ ಎಂಬ ಭಾಗವು ಒಂದೂವರೆ, ಎರಡು ಗಂಟೆಗಳಿಗೊಮ್ಮೆ ಒಂದು ಹಾರ್ಮೋನನ್ನು ತನ್ನ ಕೆಳಗಿನ ಪಿಟ್ಯುಟರಿ ಗ್ರಂಥಿಗೆ ಕಳುಹಿಸುತ್ತದೆ. ಆಗ ಪಿಟ್ಯುಟರಿಯು ಎರಡು ಹಾರ್ಮೋನುಗಳನ್ನು ರಕ್ತಕ್ಕೆ ಬಿಡುತ್ತದೆ: ಒಂದು ಲೈಡಿಗ್ ಕೋಶಗಳಿಂದ ಟೆಸ್ಟೊಸ್ಟೆರೋನನ್ನು ತಯಾರಿಸಿಸುತ್ತದೆ, ಇನ್ನೊಂದು ವೀರ್ಯಾಣುಗಳ ಬೆಳವಣಿಗೆಗೆ ನೆರವಾಗುತ್ತದೆ. ಹೀಗೆ ಹುಟ್ಟಿದ ಟೆಸ್ಟೊಸ್ಟೆರೋನ್ ರಕ್ತದಲ್ಲಿ ಸುತ್ತಿ ಮಿದುಳನ್ನು ತಲುಪಿ, ‘ಇನ್ನು ಸಾಕು’ ಎಂಬ ಸೂಚನೆಯನ್ನು ಕೊಡುತ್ತದೆ. ಆಗ ಮೇಲಿನ ಆಜ್ಞೆ ಕುಗ್ಗುತ್ತದೆ.

ಮನೆಯ ನೀರಿನ ತೊಟ್ಟಿಯಲ್ಲಿ ತೇಲುವ ಚೆಂಡೊಂದನ್ನು ನಲ್ಲಿಗೆ ಜೋಡಿಸಿರುವುದನ್ನು ವಾಚಕರು ನೋಡಿರಬಹುದು. ನೀರು ಇಳಿದರೆ ಚೆಂಡು ಇಳಿದು ನಲ್ಲಿ ತೆರೆಯುತ್ತದೆ; ನೀರು ಏರಿದರೆ ಚೆಂಡು ಏರಿ ನಲ್ಲಿ ಮುಚ್ಚುತ್ತದೆ. ಈಗ ಯಾರಾದರೂ ಹೊರಗಿನಿಂದ ಕೊಡಗಟ್ಟಲೆ ನೀರನ್ನು ತಂದು ಆ ತೊಟ್ಟಿಗೆ ಸುರಿಯುತ್ತ ಹೋದರೆ ಏನಾದೀತು? ನೀರು ಎಲ್ಲಿಂದ ಬಂದಿತೆಂಬುದು ಚೆಂಡಿಗೆ ತಿಳಿಯದು. ಅದು ನಲ್ಲಿಯನ್ನು ಮುಚ್ಚಿಬಿಡುತ್ತದೆ. ನಮ್ಮ ದೇಹದ ವ್ಯವಸ್ಥೆಯೂ ಹೀಗೆಯೇ. ಟೆಸ್ಟೊಸ್ಟೆರೋನ್ ಚಿಕಿತ್ಸೆಯ ಗುಣವೂ ದೋಷವೂ ಈ ಒಂದು ಸಂಗತಿಯಿಂದಲೇ ಸ್ಪಷ್ಟವಾಗುತ್ತವೆ.

ಕೊರತೆಯಿದ್ದವರಿಗೆ

ಕೆಲವರಲ್ಲಿ ನಲ್ಲಿಯೇ ಕೆಟ್ಟಿರುತ್ತದೆ. ಗಂಡುಮಕ್ಕಳಲ್ಲಿ ಎಕ್ಸ್ ಮತ್ತು ವೈ ಎಂಬ ಎರಡು ಲಿಂಗ ಕ್ರೋಮೊಸೋಮುಗಳಿರುವುದು ಸಹಜ. ಕೆಲವರಲ್ಲಿ ಇನ್ನೊಂದು ಎಕ್ಸ್ ಹೆಚ್ಚಾಗಿರುತ್ತದೆ. ಅಂಥವರ ವೃಷಣಗಳು ಚಿಕ್ಕವಾಗಿಯೇ ಉಳಿಯುತ್ತವೆ. 1942ರಲ್ಲಿ ಇದನ್ನು ವರ್ಣಿಸಿದ ಅಮೆರಿಕದ ವೈದ್ಯನ ಹೆಸರಿನಿಂದ ಇದಕ್ಕೆ ಕ್ಲೈನ್‌ಫೆಲ್ಟರ್ ಲಕ್ಷಣಕೂಟವೆಂದು ಹೆಸರು. ಅದರ ಕಾರಣ ತಿಳಿದುದು 1959ರಲ್ಲಿ. ಬೆಳೆದ ಹುಡುಗರಿಗೆ ಮಂಗನಬಾವು ಬಂದಾಗ ಕೆಲವೊಮ್ಮೆ ವೃಷಣಗಳೂ ಊದಿಕೊಂಡು ಹಾನಿಗೊಳ್ಳುತ್ತವೆ. ಇನ್ನು ಕೆಲವರಲ್ಲಿ ವೃಷಣ ಸರಿಯಾಗಿದ್ದರೂ ಮೇಲಿನಿಂದ ಆಜ್ಞೆಯೇ ಬರುವುದಿಲ್ಲ: ಪಿಟ್ಯುಟರಿಯಲ್ಲಿ ಗಡ್ಡೆ ಬೆಳೆದಿರಬಹುದು, ಅಥವಾ ಹುಟ್ಟಿನಿಂದಲೇ ಹೈಪೊಥಾಲಮಸಿನ ಸೂಚನೆ ಇಲ್ಲದಿರಬಹುದು. ಈ ಕಡೆಯ ಬಗೆಯವರಲ್ಲಿ ಕೆಲವರಿಗೆ ಹೂವಿನ ವಾಸನೆಯೂ ತಿಳಿಯದು. ಆ ಸೂಚನೆಯನ್ನು ಹೊರಡಿಸುವ ಕೋಶಗಳು ಭ್ರೂಣದಲ್ಲಿ ಮೂಗಿನ ಭಾಗದಿಂದಲೇ ಮಿದುಳಿಗೆ ಸಾಗಿಹೋಗಬೇಕಾಗಿರುವುದು ಇದಕ್ಕೆ ಕಾರಣ.

ಇಂಥವರಿಗೆ ಹೊರಗಿನಿಂದ ಕೊಟ್ಟ ಟೆಸ್ಟೊಸ್ಟೆರೋನ್ ಬಾಳನ್ನೇ ಬದಲಾಯಿಸುತ್ತದೆ. ಗಡ್ಡ ಮೂಡುತ್ತದೆ, ಎಲುಬು ಗಟ್ಟಿಯಾಗುತ್ತದೆ, ರಕ್ತಹೀನತೆ ನೀಗುತ್ತದೆ, ಬಳಲಿಕೆ ಕಡಮೆಯಾಗುತ್ತದೆ. ಹೆಣ್ಣೆಂದು ಗುರುತಿಸಲ್ಪಟ್ಟು ಹುಟ್ಟಿ ಪುರುಷನಾಗಿ ಬಾಳಬಯಸುವವರಿಗೂ ತಜ್ಞರು ಇದೇ ಔಷಧವನ್ನು ಕೊಡುತ್ತಾರೆ. ಆದರೆ ಕೊರತೆಯನ್ನು ನಿರ್ಣಯಿಸುವುದು ಎಚ್ಚರದಿಂದ ಆಗಬೇಕಾದ ಕೆಲಸ. ಈ ಹಾರ್ಮೋನು ಬೆಳಗಿನ ಹೊತ್ತು ಹೆಚ್ಚಾಗಿಯೂ ಸಂಜೆಗೆ ಕಡಮೆಯಾಗಿಯೂ ಇರುವುದರಿಂದ, ಬೆಳಗ್ಗೆ, ಬೇರೆಬೇರೆ ದಿನಗಳಲ್ಲಿ ಎರಡು ಸಲವಾದರೂ ರಕ್ತವನ್ನು ಪರೀಕ್ಷಿಸಬೇಕು. ಲಕ್ಷಣಗಳೂ ಪರೀಕ್ಷೆಯೂ ಎರಡೂ ಒಪ್ಪಿದರೆ ಮಾತ್ರ ಚಿಕಿತ್ಸೆ. ಸ್ಥೂಲಕಾಯದಿಂದ ಪ್ರಮಾಣ ಇಳಿದಿದ್ದರೆ, ಮೈತೂಕ ಇಳಿಸಿದಾಗ ಅದು ತಾನಾಗಿಯೇ ಏರುವುದುಂಟು.

ಟೆಸ್ಟೊಸ್ಟೆರೋನನ್ನು ಹಾಗೆಯೇ ನುಂಗಿದರೆ ಪ್ರಯೋಜನವಿಲ್ಲ. ಕರುಳಿನಿಂದ ಹೊರಟ ರಕ್ತ ಮೊದಲು ಯಕೃತ್ತಿಗೆ ಹೋಗುವುದರಿಂದ ಅಲ್ಲಿಯೇ ಅದರ ಬಹುಪಾಲು ನಾಶವಾಗುತ್ತದೆ. ಯಕೃತ್ತಿನಿಂದ ಪಾರಾಗುವಂತೆ ಮಾರ್ಪಡಿಸಿದ ಮೀಥೈಲ್ ಟೆಸ್ಟೊಸ್ಟೆರೋನ್ ಗುಳಿಗೆಗಳು ಆ ಯಕೃತ್ತಿಗೇ ಕೇಡು ಮಾಡಿದುವು. ಆದುದರಿಂದ ಹಾರ್ಮೋನಿಗೆ ಕೊಬ್ಬಿನ ಆಮ್ಲವೊಂದನ್ನು ಜೋಡಿಸಿ, ಎಣ್ಣೆಯಲ್ಲಿ ಕರಗಿಸಿ, ಮಾಂಸಖಂಡಕ್ಕೆ ಚುಚ್ಚುವುದು ರೂಢಿಗೆ ಬಂದಿತು. ಕೆಲವು ಬಗೆಯವನ್ನು ಒಂದೆರಡು ವಾರಗಳಿಗೊಮ್ಮೆ, ಇನ್ನು ಕೆಲವನ್ನು ಮೂರು ತಿಂಗಳಿಗೊಮ್ಮೆ ಚುಚ್ಚಿದರೆ ಸಾಕು. ಚರ್ಮಕ್ಕೆ ಸವರುವ ಲೇಪವೂ ಇದೆ. ಲೇಪ ಹಚ್ಚಿದ ಭಾಗ ಮನೆಯ ಹೆಂಗಸರಿಗೂ ಮಕ್ಕಳಿಗೂ ತಾಗದಂತೆ ನೋಡಿಕೊಳ್ಳಬೇಕು. ಚಿಕಿತ್ಸೆಯ ಕಾಲದಲ್ಲಿ ಕೆಂಪುಕಣಗಳು ಮಿತಿಮೀರಿ ರಕ್ತ ದಪ್ಪವಾಗದಂತೆಯೂ, ಪ್ರಾಸ್ಟೇಟ್ ಗ್ರಂಥಿಯಲ್ಲಿ ತೊಂದರೆ ತೋರದಂತೆಯೂ ವೈದ್ಯರು ಆಗಾಗ್ಗೆ ಪರೀಕ್ಷಿಸುತ್ತಾರೆ. ಕೊರತೆಯೂ ಹೃದ್ರೋಗದ ಭಯವೂ ಇದ್ದ ಐದು ಸಾವಿರಕ್ಕೂ ಹೆಚ್ಚು ನಡುವಯಸ್ಸಿನ ಮತ್ತು ಹಿರಿಯ ಪುರುಷರ ಮೇಲೆ ನಡೆದು, 2023ರಲ್ಲಿ ಪ್ರಕಟವಾದ ಪರಿಶೀಲನೆಯೊಂದರಲ್ಲಿ, ಲೇಪದಿಂದ ಹೃದಯಾಘಾತವಾಗಲಿ ಪಾರ್ಶ್ವವಾಯುವಾಗಲಿ ಹೆಚ್ಚಲಿಲ್ಲವೆಂದು ಕಂಡುಬಂದಿತು. ಆದರೆ ಹೃದಯಬಡಿತದ ಏರುಪೇರು ಮತ್ತು ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪುಗಟ್ಟುವಿಕೆ ತುಸು ಹೆಚ್ಚಾಗಿದ್ದುವು.

ಕೊರತೆಯಿಲ್ಲದವರಿಗೆ

ಈಗ ಆರೋಗ್ಯವಂತನಾದ ತರುಣನೊಬ್ಬನು, ತೋಳು ಎದೆಗಳು ಬೇಗ ಉಬ್ಬಲೆಂಬ ಆಸೆಯಿಂದ, ಅಂಗಸಾಧನೆಯ ಮನೆಯ ಯಾರದೋ ಮಾತು ಕೇಳಿ ಇದನ್ನು ಚುಚ್ಚಿಸಿಕೊಂಡನೆನ್ನೋಣ. ಮಾಂಸಖಂಡಗಳು ಬೆಳೆಯುವುದು ನಿಜ. ಆದರೆ ಅದೇ ವೇಳೆಗೆ ಮಿದುಳು ತನ್ನ ಆಜ್ಞೆಯನ್ನು ನಿಲ್ಲಿಸಿರುತ್ತದೆ. ವೀರ್ಯಾಣುಗಳು ಹುಟ್ಟಲು ವೃಷಣದೊಳಗೆ ರಕ್ತದಲ್ಲಿರುವುದಕ್ಕಿಂತ ಎಷ್ಟೋ ಪಾಲು ಹೆಚ್ಚಿನ ಟೆಸ್ಟೊಸ್ಟೆರೋನ್ ಬೇಕು. ಅಲ್ಲಿಯೇ ತಯಾರಾಗುವುದರಿಂದ ಮಾತ್ರ ಅದು ಸಾಧ್ಯ. ಸೂಜಿಯಿಂದ ರಕ್ತಕ್ಕೆ ಬಂದುದು ಆ ಕೊರತೆಯನ್ನು ತುಂಬಲಾರದು. ಕೆಲಸವಿಲ್ಲದ ವೃಷಣಗಳು ಕುಗ್ಗುತ್ತವೆ, ವೀರ್ಯಾಣುಗಳು ಇಲ್ಲವಾಗುತ್ತವೆ.

ಇದು ಬರಿಯ ಊಹೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯು ಇದನ್ನೇ ಪುರುಷರ ಗರ್ಭನಿರೋಧಕ ಔಷಧವಾಗಿ ಪರೀಕ್ಷಿಸಿ 1990ರಲ್ಲಿ ಫಲಿತಾಂಶವನ್ನು ಪ್ರಕಟಿಸಿತು. ಆರೋಗ್ಯವಂತ ಪುರುಷರಿಗೆ ವಾರಕ್ಕೆ 200 ಮಿಲಿಗ್ರಾಂ ಚುಚ್ಚಿದಾಗ, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ವೀರ್ಯದಲ್ಲಿ ಆರು ತಿಂಗಳೊಳಗೆ ಒಂದು ವೀರ್ಯಾಣುವೂ ಉಳಿಯಲಿಲ್ಲ. ಪೌರುಷವನ್ನು ಹೆಚ್ಚಿಸುವುದೆಂದು ಜನ ನಂಬಿದ ಔಷಧವೇ ಸಂತಾನಶಕ್ತಿಯನ್ನು ತಡೆಯುತ್ತದೆ! ಔಷಧವನ್ನು ನಿಲ್ಲಿಸಿದ ಮೇಲೆ ಸಾಮಾನ್ಯವಾಗಿ ತಿಂಗಳುಗಳಲ್ಲಿ ಚೇತರಿಕೆಯಾಗುತ್ತದೆ. ಆದರೆ ದೊಡ್ಡ ಪ್ರಮಾಣದಲ್ಲಿ ವರ್ಷಗಟ್ಟಲೆ ಬಳಸಿದವರಲ್ಲಿ ಅದು ಬಹಳ ನಿಧಾನವಾಗಬಹುದು, ಅಪೂರ್ಣವಾಗಿಯೂ ಉಳಿಯಬಹುದು. ಆ ಅವಧಿಯಲ್ಲಿ ಹೊರಗಿನ ಹಾರ್ಮೋನೂ ಇಲ್ಲ, ಒಳಗಿನದೂ ಇಲ್ಲ; ದಣಿವು, ಖಿನ್ನತೆ, ನಿರುತ್ಸಾಹಗಳು ಆವರಿಸುತ್ತವೆ. ಈ ಕಾರಣದಿಂದಲೇ, ಮಕ್ಕಳನ್ನು ಬಯಸುವ ಪುರುಷನಿಗೆ ನಿಜವಾದ ಕೊರತೆಯಿದ್ದರೂ ವೈದ್ಯರು ಟೆಸ್ಟೊಸ್ಟೆರೋನನ್ನು ಕೊಡುವುದಿಲ್ಲ. ತೊಂದರೆ ಪಿಟ್ಯುಟರಿಯ ಕಡೆಯಿದ್ದಲ್ಲಿ, ವೃಷಣವನ್ನು ಎಚ್ಚರಿಸುವ ಬೇರೆ ಹಾರ್ಮೋನುಗಳನ್ನು ಕೊಡುತ್ತಾರೆ.

ಇನ್ನೂ ಬೆಳೆಯುತ್ತಿರುವ ಹುಡುಗರಿಗೆ ಮತ್ತೊಂದು ಅಪಾಯವಿದೆ. ಉದ್ದನೆಯ ಎಲುಬುಗಳ ತುದಿಯಲ್ಲಿ ಮೃದ್ವಸ್ಥಿಯ ತೆಳುವಾದ ಪದರವಿದ್ದು, ಅದು ಇರುವವರೆಗೆ ಮಾತ್ರ ನಾವು ಎತ್ತರವಾಗಬಲ್ಲೆವು. ಮಿತಿಮೀರಿದ ಟೆಸ್ಟೊಸ್ಟೆರೋನ್ ಈಸ್ಟ್ರೊಜೆನ್ನಾಗಿ ಮಾರ್ಪಟ್ಟು ಆ ಪದರವನ್ನು ಅಕಾಲದಲ್ಲಿ ಎಲುಬಾಗಿಸಿಬಿಡುತ್ತದೆ. ಹುಡುಗನು ಮೊದಲು ಸರ್ರನೆ ಬೆಳೆದು, ತನಗೆ ಸಲ್ಲಬೇಕಾಗಿದ್ದ ಎತ್ತರವನ್ನು ಮುಟ್ಟದೆಯೇ ನಿಂತುಬಿಡುತ್ತಾನೆ. ಮೊಡವೆ, ಎದೆಯ ಊತ, ರಕ್ತದೊತ್ತಡ, ಹೃದಯದ ಮಾಂಸದ ದಪ್ಪವಾಗುವಿಕೆ ಇವೂ ಕಂಡುಬರುತ್ತವೆ. ಕ್ರೀಡಾಪಟುಗಳಿಗೆ ಇದು ನಿಷಿದ್ಧ. 1976ರ ಮಾಂಟ್ರಿಯಲ್ ಒಲಿಂಪಿಕ್ ಕ್ರೀಡೆಗಳಿಂದ ಈ ವರ್ಗದ ವಸ್ತುಗಳಿಗಾಗಿ ಪರೀಕ್ಷೆ ನಡೆಯುತ್ತಲಿದೆ.

ಈ ಹಾರ್ಮೋನನ್ನು ತಡೆಯುವುದೇ ಚಿಕಿತ್ಸೆಯಾಗುವ ಸಂದರ್ಭವೂ ಉಂಟು. ಶಿಕಾಗೋದ ಹಗಿನ್ಸ್ ಎಂಬ ಶಸ್ತ್ರವೈದ್ಯನು 1941ರಲ್ಲಿ, ಹಬ್ಬಿದ ಪ್ರಾಸ್ಟೇಟ್ ಕ್ಯಾನ್ಸರಿನ ರೋಗಿಗಳಲ್ಲಿ ವೃಷಣಗಳನ್ನು ತೆಗೆದಾಗ ಗಡ್ಡೆ ಕುಗ್ಗುವುದನ್ನು ತೋರಿಸಿಕೊಟ್ಟನು. 1966ರಲ್ಲಿ ಅವನಿಗೂ ನೊಬೆಲ್ ಪಾರಿತೋಷಕ ಸಂದಿತು. ಒಬ್ಬ ರೋಗಿಗೆ ಕೊಡಬೇಕಾದುದನ್ನೇ ಇನ್ನೊಬ್ಬನಿಂದ ಕಿತ್ತುಕೊಳ್ಳಬೇಕಾಗುತ್ತದೆ.

ಆದುದರಿಂದ ಟೆಸ್ಟೊಸ್ಟೆರೋನನ್ನು ಟಾನಿಕ್ಕಿನ ಸಾಲಿಗೆ ಸೇರಿಸಬಾರದು. ಮಧುಮೇಹಿಗೆ ಇನ್ಸುಲಿನ್ ಎಂತೋ, ಈ ಕೊರತೆಯುಳ್ಳವನಿಗೆ ಟೆಸ್ಟೊಸ್ಟೆರೋನ್ ಅಂತು. ಆರೋಗ್ಯವಂತನು ಬಲಕ್ಕಾಗಿ ಇನ್ಸುಲಿನ್ನನ್ನು ಚುಚ್ಚಿಸಿಕೊಳ್ಳುವುದು ಎಷ್ಟು ಅವಿವೇಕವೋ ಇದೂ ಅಷ್ಟೇ ಅವಿವೇಕ. ಯಾರಾದರೂ ಈ ಔಷಧವನ್ನು ಕೈಗಿಟ್ಟಾಗ ತರುಣನು ಕೇಳಬೇಕಾದ ಪ್ರಶ್ನೆ ಒಂದೇ: ನನ್ನಲ್ಲಿ ಕೊರತೆಯಿದೆಯೆಂದು ರಕ್ತವನ್ನು ಪರೀಕ್ಷಿಸಿ ಹೇಳಿದ ವೈದ್ಯರು ಯಾರು? ಅದಕ್ಕೆ ಉತ್ತರ ದೊರೆಯದಿದ್ದರೆ ಸೂಜಿಯನ್ನು ಅಲ್ಲಿಯೇ ಕೆಳಗಿಡುವುದು ಲೇಸು.